ಟೆಲಿಸ್ಕೋಪಿಗೆ ಮೊದಲ ಕ್ಯಾಮೆರಾ: ಕೊಳ್ಳುವ ಮುಂಚೆ ಅಳೆದು ನೋಡಬೇಕಾದ್ದು

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಮೊದಲ ತಿಂಗಳು ಚಂದ್ರ, ಶನಿ ನೋಡುತ್ತಾರೆ. ಎರಡನೇ ತಿಂಗಳು ಐಪೀಸಿಗೆ ಮೊಬೈಲ್ ಹಿಡಿಯುತ್ತಾರೆ. ಮೂರನೇ ತಿಂಗಳು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಎಂದು ಕೇಳುತ್ತಾರೆ. ಕೇಳಿದ ಕೂಡಲೇ ಒಂದು ಮಾಡೆಲ್ ಹೆಸರು ಹೇಳಿಬಿಡುವವರ ಮಾತಿಗೆ ದುಡ್ಡು ಬಿಚ್ಚಬೇಡಿ. ಟೆಲಿಸ್ಕೋಪ್ ಯಾವ ಮೌಂಟಿನ (ಅದನ್ನು ಹೊತ್ತು ತಿರುಗಿಸುವ ಪೀಠ) ಮೇಲೆ ಕೂತಿದೆ, ಅದರ ಫೋಕಲ್ ಲೆಂಗ್ತ್ (ಕನ್ನಡಿ ಅಥವಾ ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗೆ ಬೆಳಕಿನ ದಾರಿ) ಎಷ್ಟು, ಯಾವುದರ ಫೋಟೊ ಬೇಕು, ಈ ಮೂರು ಗೊತ್ತಾಗದೆ ಕ್ಯಾಮೆರಾದ ಮಾತೇ ಏಳುವುದಿಲ್ಲ.

ಮೌಂಟ್ ಏನು ಹೇಳುತ್ತದೋ ಅದೇ

ಕೈಯಲ್ಲಿ ತಳ್ಳುವ ಕನ್ನಡಿ ಟೆಲಿಸ್ಕೋಪ್ ಡಾಬ್ಸೋನಿಯನ್ (ಡಾಬ್) ಇದ್ದರೆ ಚಂದ್ರ, ಗುರು, ಶನಿ, ಮಂಗಳ ಸಿಗುತ್ತವೆ. ನೀಹಾರಿಕೆಗಳ ಆಸೆ ಬಿಡಿ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್ ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್ ಸೆಕೆಂಡ್) ಜಾರುತ್ತದೆ. 1200 ಮಿ.ಮೀ. ಫೋಕಲ್ ಲೆಂಗ್ತಿನ ಎಂಟಿಂಚಿನ ಡಾಬ್‌ಗೆ ಸಾಮಾನ್ಯ ಡಿಎಸ್‌ಎಲ್‌ಆರ್ ಹಾಕಿ ಒಂದು ಸೆಕೆಂಡ್ ಶಟರ್ ತೆರೆದಿಟ್ಟರೆ ನಕ್ಷತ್ರ 20 ಪಿಕ್ಸೆಲ್ ಉದ್ದದ ಗೆರೆಯಾಗುತ್ತದೆ. ಗ್ರಹಗಳ ಕಥೆ ಬೇರೆ. ಅವು ಪ್ರಕಾಶಮಾನ, 5 ಮಿಲಿಸೆಕೆಂಡಿನ ಎಕ್ಸ್‌ಪೋಷರ್ ಸಾಕು, ಅಷ್ಟರಲ್ಲಿ ಜಾರುವುದು ಲೆಕ್ಕಕ್ಕಿಲ್ಲ.

ಮೋಟಾರಿರುವ ಆಲ್ಟ್-ಅಜಿಮತ್ (ಮೇಲೆ-ಕೆಳಗೆ, ಎಡ-ಬಲ ತಿರುಗುವ) ಮೌಂಟ್ ಇದ್ದರೆ ಗ್ರಹಗಳು ಆರಾಮ, ಪ್ರಕಾಶಮಾನವಾದ ನೀಹಾರಿಕೆಗಳೂ ಎಂಟು-ಹತ್ತು ಸೆಕೆಂಡಿನ ತುಣುಕುಗಳಲ್ಲಿ ಸಿಗುತ್ತವೆ. ನಿಮಿಷಗಟ್ಟಲೆ ಎಕ್ಸ್‌ಪೋಷರ್ ಬೇಕೆಂದರೆ ಮೋಟಾರಿರುವ ಈಕ್ವಟೋರಿಯಲ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ) ಮೌಂಟೇ ಬೇಕು. ಅಲುಗಾಡುವ ಮೌಂಟಿನ ಮೇಲೆ ಕೂಲ್ಡ್ (ಸೆನ್ಸರನ್ನು ತಣಿಸುವ) ಕ್ಯಾಮೆರಾ ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಒಂದೇ ಒಂದು ಲೆಕ್ಕ

ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಲೆಂಗ್ತಿನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್ ಸೆಕೆಂಡ್ ನೋಡುತ್ತದೆ ಎಂಬುದು ಸಿಗುತ್ತದೆ. 2.9 ಮೈಕ್ರಾನ್ ಪಿಕ್ಸೆಲ್, 1200 ಮಿ.ಮೀ. ಟೆಲಿಸ್ಕೋಪ್: 206 × 2.9 ÷ 1200, ಅಂದರೆ ಸುಮಾರು 0.5. ಭೂಮಿಗೆ ಹತ್ತಿರವಿರುವಾಗ ಗುರುಗ್ರಹ ಸುಮಾರು 45 ಆರ್ಕ್ ಸೆಕೆಂಡ್ ಅಗಲ, ಹಾಗಾಗಿ ಚಿತ್ರದಲ್ಲಿ 90 ಪಿಕ್ಸೆಲ್. ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ 2ಎಕ್ಸ್ ಬಾರ್ಲೋ ಲೆನ್ಸ್ ಹಾಕಿದರೆ 180.

180 ಪಿಕ್ಸೆಲ್ ಎಂದರೆ ಫೋನಿನ ಪರದೆಯಲ್ಲಿ ಕಿರುಬೆರಳಿನ ಉಗುರಿನಷ್ಟು ಚಿತ್ರ. ನಿರಾಸೆಯಾಗಬಹುದು, ಆದರೆ ಅದರೊಳಗೆ ಗುರುವಿನ ಪಟ್ಟೆಗಳು, ಆ ಕಡೆ ತಿರುಗಿದ್ದರೆ ಕೆಂಪು ಚುಕ್ಕೆ ಎಲ್ಲವೂ ಇರುತ್ತವೆ. ಬಾರ್ಲೋ ಮೇಲೆ ಬಾರ್ಲೋ ಹಾಕಿ ದೊಡ್ಡದು ಮಾಡಿದರೆ ಹೊಸ ವಿವರ ಬರುವುದಿಲ್ಲ, ಚಿತ್ರ ಕಪ್ಪಾಗಿ ಮಸುಕಾಗುತ್ತದೆ. ಕಲರ್ ಕ್ಯಾಮೆರಾಕ್ಕೆ ಅಂದಾಜು ಹೀಗಿದೆ: ಪಿಕ್ಸೆಲ್ ಗಾತ್ರದ ಐದು ಪಟ್ಟು ಫೋಕಲ್ ರೇಶಿಯೊ (ಫೋಕಲ್ ಲೆಂಗ್ತನ್ನು ಟೆಲಿಸ್ಕೋಪಿನ ಬಾಯಿಯ ಅಗಲದಿಂದ ಭಾಗಿಸಿದ್ದು). 2.9 ಮೈಕ್ರಾನಿಗೆ ಎಫ್/14.5ರ ಆಸುಪಾಸು. ಎಫ್/6 ಡಾಬ್‌ಗೆ 2ಎಕ್ಸ್ ಅಥವಾ 2.5ಎಕ್ಸ್ ಬಾರ್ಲೋ, ಎಫ್/5ರ 130/650 (ಬಾಯಿಯ ಅಗಲ/ಫೋಕಲ್ ಲೆಂಗ್ತ್, ಮಿ.ಮೀ.ನಲ್ಲಿ) ನ್ಯೂಟೋನಿಯನ್ ಕನ್ನಡಿ ಟೆಲಿಸ್ಕೋಪಿಗೆ 3ಎಕ್ಸ್. ಎಫ್/12ರ 127 ಮಿ.ಮೀ. ಮಕ್ಸುಟೋವ್ (ಲೆನ್ಸ್, ಕನ್ನಡಿ ಎರಡೂ ಇರುವ ಗಿಡ್ಡ ಟೆಲಿಸ್ಕೋಪ್) ಇದ್ದವರಿಗೆ ಬಾರ್ಲೋ ಖರ್ಚೇ ಇಲ್ಲ. 2 ಮೈಕ್ರಾನ್ ಪಿಕ್ಸೆಲ್ಲಿನ, ಸೋನಿಯ ಐಎಂಎಕ್ಸ್ 678 ಸೆನ್ಸರ್ ಆದರೆ ಎಫ್/10 ಸಾಕು, ಮಕ್ಸುಟೋವ್ ಬಗೆಯದೇ ಆದ ಷ್ಮಿಟ್-ಕ್ಯಾಸಗ್ರೇನ್‌ಗೆ ನೇರ ಹಾಕಬಹುದು. ವಾತಾವರಣ ಕದಡಿದ ರಾತ್ರಿಗಳಲ್ಲಿ ಐದರ ಬದಲು ಮೂರೂವರೆ ಪಟ್ಟು ಇಟ್ಟರೂ ನಷ್ಟವಿಲ್ಲ.

ನೀಹಾರಿಕೆಗಳಿಗೆ ಇದೇ ಲೆಕ್ಕ, ಗುರಿ ಮಾತ್ರ ಬೇರೆ. ಪಿಕ್ಸೆಲ್ಲಿಗೆ 1ರಿಂದ 2 ಆರ್ಕ್ ಸೆಕೆಂಡ್ ಬಂದರೆ ಚೆನ್ನ.

ಸೆನ್ಸರ್ ಅಗಲಕ್ಕೆ ಚಂದ್ರನೇ ಅಳತೆಗೋಲು. ಫೋಕಲ್ ಲೆಂಗ್ತನ್ನು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಚಂದ್ರನ ಅಗಲ ಮಿ.ಮೀ.ನಲ್ಲಿ ಬರುತ್ತದೆ. 1200ಕ್ಕೆ 11 ಮಿ.ಮೀ. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿರುವ ಗಾತ್ರ) ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ., ಹಾಗಾಗಿ ಇಡೀ ಚಂದ್ರ ಒಂದೇ ಫ್ರೇಮಿಗೆ ಬರುತ್ತಾನೆ. ಐಎಂಎಕ್ಸ್ 462 ಸೆನ್ಸರ್ 5.6 × 3.2 ಮಿ.ಮೀ. ಮಾತ್ರ. ಅದರಲ್ಲಿ ಪೂರ್ಣಚಂದ್ರ ಬೇಕೆಂದರೆ ಹತ್ತಾರು ತುಂಡು ತೆಗೆದು ಜೋಡಿಸಬೇಕು.

ಯಾವುದನ್ನು ಕೊಳ್ಳುವುದು

ಡಾಬ್ ಅಥವಾ ಆಲ್ಟ್-ಅಜಿಮತ್ ಇರುವವರಿಗೆ ನೇರ ಉತ್ತರ: ಯುಎಸ್‌ಬಿ 3 ಇರುವ ಪುಟ್ಟ ಕಲರ್ ಪ್ಲಾನೆಟರಿ ಕ್ಯಾಮೆರಾ (ಲ್ಯಾಪ್‌ಟಾಪಿಗೆ ಜೋಡಿಸಿ ಗ್ರಹಗಳ ವಿಡಿಯೊ ತೆಗೆಯುವಂಥದ್ದು). ಐಎಂಎಕ್ಸ್ 462 ಅಥವಾ 662 ಸೆನ್ಸರ್ ಸಾಕು, ಎರಡೂ 2.9 ಮೈಕ್ರಾನ್, 1920 × 1080. ಝಡ್‌ಡಬ್ಲ್ಯುಒ, ಕ್ಯೂಎಚ್‌ವೈ, ಪ್ಲೇಯರ್ ಒನ್, ಸ್ವಬೋನಿ ಹೀಗೆ ಹಲವು ಕಂಪನಿಗಳು ಸೋನಿಯ ಇವೇ ಸೆನ್ಸರುಗಳಿಗೆ ತಮ್ಮ ಡಬ್ಬಿ ಹಾಕಿ ಮಾರುತ್ತವೆ. ಆದ್ದರಿಂದ ಡಬ್ಬಿಯ ಬಣ್ಣಕ್ಕಿಂತ ಒಳಗಿನ ಸೆನ್ಸರಿನ ಸಂಖ್ಯೆ ಓದಿ. ಮೆಗಾಪಿಕ್ಸೆಲ್ ನೋಡಿ ಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಗುರುವಿನ ಮುಂದೆ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲಿನದನ್ನು ಸುಲಭವಾಗಿ ಸೋಲಿಸುತ್ತದೆ.

ಕಾರಣ ಇದು. ಗ್ರಹದ ಫೋಟೊ ಒಂದೇ ಕ್ಲಿಕ್ಕಿನದ್ದಲ್ಲ. ಸಾವಿರಾರು ಫ್ರೇಮಿನ ವಿಡಿಯೊ ತೆಗೆದು, ಗಾಳಿ ಒಂದು ಕ್ಷಣ ಶಾಂತವಾಗಿದ್ದಾಗ ಸಿಕ್ಕ ಒಳ್ಳೆಯ ಫ್ರೇಮುಗಳನ್ನು ಆರಿಸಿ, ಒಂದರ ಮೇಲೊಂದು ಕೂಡಿಸುವುದು. ಡಿಎಸ್‌ಎಲ್‌ಆರ್ ವಿಡಿಯೊ ಕಂಪ್ರೆಸ್ ಆಗಿರುತ್ತದೆ, ಜೊತೆಗೆ ಪಿಕ್ಸೆಲ್ಲುಗಳನ್ನು ಕುಗ್ಗಿಸುತ್ತದೆ. ಕ್ಯಾನನ್ 600ಡಿ ಸೆನ್ಸರ್ 5184 ಪಿಕ್ಸೆಲ್ ಅಗಲ. ಫುಲ್ ಎಚ್‌ಡಿ ವಿಡಿಯೊ 1920. ಎಂಟಿಂಚಿನ ಡಾಬ್ ಮತ್ತು 2ಎಕ್ಸ್ ಬಾರ್ಲೋದಲ್ಲಿ ಸೆನ್ಸರಿನ ಮೇಲೆ 120 ಪಿಕ್ಸೆಲ್ ಇದ್ದ ಗುರು ವಿಡಿಯೊದಲ್ಲಿ 45ಕ್ಕೆ ಇಳಿಯುತ್ತಾನೆ. ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದರೆ ದಾರಿಯೂ ಇದೆ: ಕ್ಯಾನನ್ 550ಡಿ, 60ಡಿಗಳ ವಿಡಿಯೊ ಮೆನುವಿನಲ್ಲಿ 640 × 480 ಕ್ರಾಪ್ ಮೋಡ್, 600ಡಿಯಲ್ಲಿ 3ಎಕ್ಸ್ ಡಿಜಿಟಲ್ ಝೂಮ್. ಇವು ಸೆನ್ಸರಿನ ನಡುಭಾಗವನ್ನು ಹೆಚ್ಚುಕಡಿಮೆ ಕುಗ್ಗಿಸದೆ ಕೊಡುತ್ತವೆ.

ಈಕ್ವಟೋರಿಯಲ್ ಮೌಂಟಿನ ಮೇಲೆ 400-500 ಮಿ.ಮೀ. ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಇದ್ದರೆ ಉತ್ತರ ತಿರುಗುಮುರುಗು. ಅಲ್ಲಿ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಅಗ್ಗದಲ್ಲಿ ದೊಡ್ಡ ಸೆನ್ಸರ್ ಕೊಡುತ್ತದೆ. 420 ಮಿ.ಮೀ.ಗೆ ಎಪಿಎಸ್-ಸಿ ಹಾಕಿದರೆ ಮೂರು ಡಿಗ್ರಿಗೂ ಹೆಚ್ಚು ಅಗಲ. ಆಂಡ್ರೊಮಿಡಾ ಗ್ಯಾಲಕ್ಸಿ ಪೂರ್ತಿ ಹಿಡಿಸುತ್ತದೆ. ಐಎಂಎಕ್ಸ್ 585ರಲ್ಲಿ ಅದೇ ಟೆಲಿಸ್ಕೋಪಿಗೆ ಒಂದೂವರೆ ಡಿಗ್ರಿ: ಓರಿಯಾನ್ ನೀಹಾರಿಕೆಗೆ ಸರಿ, ಆಂಡ್ರೊಮಿಡಾದ ಅರ್ಧಕ್ಕೆ ಮಾತ್ರ.

ಹಳೇ ಡಿಎಸ್‌ಎಲ್‌ಆರ್ ಕೊಳ್ಳುವಾಗ ಅಂಗಡಿಯಲ್ಲೇ ಬಾಡಿ ಕ್ಯಾಪ್ ಹಾಕಿ ಐಎಸ್‌ಒ 1600ರಲ್ಲಿ 30 ಸೆಕೆಂಡಿನ ಒಂದು ರಾ (ಸಂಸ್ಕರಿಸದ) ಫೋಟೊ ತೆಗೆದು ಝೂಮ್ ಮಾಡಿ ನೋಡಿ. ಅಲ್ಲಲ್ಲಿ ಕೆಂಪು-ನೀಲಿ ಚುಕ್ಕೆ ಇದ್ದೇ ಇರುತ್ತವೆ, ಡಾರ್ಕ್ ಫ್ರೇಮಿನಿಂದ (ಮುಚ್ಚಳ ಹಾಕಿ ತೆಗೆದು, ಆಮೇಲೆ ಚಿತ್ರದಿಂದ ಕಳೆಯುವ ಫೋಟೊ) ಹೋಗುತ್ತವೆ. ಉದ್ದುದ್ದ ಗೆರೆ ಅಥವಾ ಒಂದು ಮೂಲೆಯೇ ಬೆಳಗಿದ್ದರೆ ಬಿಟ್ಟುಬಿಡಿ. ರಿಮೋಟ್ ಕೇಬಲ್ಲಿನ ಕಿಂಡಿ ಕೆಲಸ ಮಾಡುತ್ತದೆಯೇ ಎಂದೂ ನೋಡಿ. ತಾನಾಗಿ ಒಂದರ ಹಿಂದೊಂದು ಕ್ಲಿಕ್ಕಿಸುವ ಇಂಟರ್ವಲೋಮೀಟರ್ ಇಲ್ಲದೆ ರಾತ್ರಿಯಿಡೀ ಬಟನ್ ಒತ್ತಲು ಆಗುವುದಿಲ್ಲ. ಇನ್ನೊಂದು ಮಿತಿ: ಸಾಮಾನ್ಯ ಡಿಎಸ್‌ಎಲ್‌ಆರ್ ಒಳಗಿನ ಫಿಲ್ಟರ್ ಹೈಡ್ರೋಜನ್ನಿನ 656 ನ್ಯಾನೊಮೀಟರ್ ಕೆಂಪನ್ನು ಬಹುಪಾಲು ತಡೆಯುತ್ತದೆ. ಓರಿಯಾನ್, ಆಂಡ್ರೊಮಿಡಾ, ಕೃತ್ತಿಕೆಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಪೂರಾ ಕೆಂಪಾದ ರೋಸೆಟ್ ನೀಹಾರಿಕೆಗೆ ತೊಂದರೆ.

ಕೂಲ್ಡ್ ಕ್ಯಾಮೆರಾ ಎರಡನೇ ವರ್ಷಕ್ಕಿರಲಿ. ಸೆನ್ಸರಿನ ಬಿಸಿ ಸುಮಾರು 6 ಡಿಗ್ರಿ ಏರಿದರೆ ಬಿಸಿಯಿಂದ ಬರುವ ಸಿಗ್ನಲ್ ಎರಡು ಪಟ್ಟಾಗುತ್ತದೆ, 30 ಡಿಗ್ರಿ ತಣಿಸಿದರೆ ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದರ ಉಪಯೋಗ ನಿಜ. ಆದರೆ 12 ವೋಲ್ಟಿನ ಪ್ರತ್ಯೇಕ ಬ್ಯಾಟರಿ, ಲ್ಯಾಪ್‌ಟಾಪ್, ಕೇಬಲ್ಲುಗಳ ಜಡೆ, ಎಲ್ಲ ಒಟ್ಟಿಗೆ ಕಲಿಯಲು ಹೋದರೆ ಒಂದೂ ಕೈಗೆ ಹತ್ತುವುದಿಲ್ಲ. ಮೊನೊಕ್ರೋಮ್ (ಕಪ್ಪು-ಬಿಳುಪು) ಕ್ಯಾಮೆರಾಕ್ಕೂ ಇದೇ ಮಾತು.

ಫೋಕಸ್ಸೇ ಆಗುತ್ತಿಲ್ಲ!

ಅತಿ ಹೆಚ್ಚು ಜನ ಕೈ ಸುಟ್ಟುಕೊಳ್ಳುವ ಜಾಗ ಇದು. ನ್ಯೂಟೋನಿಯನ್‌ಗೆ ಟಿ-ರಿಂಗ್ (ಕ್ಯಾಮೆರಾ ಜೋಡಿಸುವ ಬಳೆ) ಹಾಕಿ ಡಿಎಸ್‌ಎಲ್‌ಆರ್ ಕೂರಿಸುತ್ತಾರೆ, ಫೋಕಸರ್ ಪೂರ್ತಿ ಒಳಗೆ ಹೋದರೂ ಚಂದ್ರ ಮಬ್ಬಾಗಿಯೇ ಉಳಿಯುತ್ತಾನೆ. ಕ್ಯಾಮೆರಾ ಕೆಟ್ಟಿಲ್ಲ. ಕನ್ನಡಿಪೆಟ್ಟಿಗೆಯ ಕಾರಣ ಡಿಎಸ್‌ಎಲ್‌ಆರ್ ಸೆನ್ಸರ್ ಬಾಡಿಯ ತೀರಾ ಒಳಗಿರುತ್ತದೆ, ಟಿ-ರಿಂಗ್ ಸೇರಿದರೆ 55 ಮಿ.ಮೀ. ಹಿಂದೆ. ಐಪೀಸಿಗೆಂದು ಮಾಡಿದ ಟೆಲಿಸ್ಕೋಪಿನ ಫೋಕಸ್ ಅಷ್ಟು ದೂರ ಹೊರಗೆ ಬರುವುದೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ ತೆಳ್ಳಗಿದ್ದರೂ ಮಾಮೂಲಿ ಟಿ-ರಿಂಗ್ ಅದನ್ನೂ 55ಕ್ಕೇ ತಂದು ನಿಲ್ಲಿಸುತ್ತದೆ. ಗಿಡ್ಡ ಅಡಾಪ್ಟರ್ ಹುಡುಕಿದರಷ್ಟೇ ಲಾಭ.

ಕೊಳ್ಳುವ ಮುಂಚೆ ಮನೆಯಲ್ಲೇ ಪರೀಕ್ಷಿಸಬಹುದು. ಬೇಕಾಗುವುದು ಬಟರ್ ಪೇಪರಿನ ಒಂದು ತುಂಡು, ಒಂದು ಸ್ಕೇಲು, ಹುಣ್ಣಿಮೆಯ ಆಸುಪಾಸಿನ ಚಂದ್ರ. ಚಂದ್ರನನ್ನು ಐಪೀಸಿನ ನಡುವಿಗೆ ತನ್ನಿ, ಐಪೀಸ್ ತೆಗೆಯಿರಿ, ಫೋಕಸರನ್ನು ತುದಿ ಮುಟ್ಟುವವರೆಗೆ ಒಳಗೆ ತಿರುಗಿಸಿ. ಬಟರ್ ಪೇಪರನ್ನು ಫೋಕಸರ್ ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆಯುತ್ತಾ ಹೋಗಿ. ಮೊದಲು ಕಾಣುವುದು ಮಬ್ಬು ಬೆಳಕಿನ ಬಿಲ್ಲೆ. ಅದು ಕುಗ್ಗುತ್ತಾ ಬಂದು ಒಂದು ಜಾಗದಲ್ಲಿ ಅಂಚು ಚೂಪಾಗಿ, ಪುಟಾಣಿ ಚಂದ್ರ ಕಾಗದದ ಮೇಲೆ ಕೂರುತ್ತಾನೆ, 650 ಮಿ.ಮೀ. ಟೆಲಿಸ್ಕೋಪಿನಲ್ಲಿ 6 ಮಿ.ಮೀ. ಅಗಲ, ಅವಲಕ್ಕಿ ಕಾಳಿನಷ್ಟು. ಫೋಕಸರ್ ಬಾಯಿಯಿಂದ ಆ ಕಾಗದದವರೆಗಿನ ದೂರ ಅಳೆಯಿರಿ. 60 ಮಿ.ಮೀ. ಅಥವಾ ಹೆಚ್ಚಿದ್ದರೆ ಡಿಎಸ್‌ಎಲ್‌ಆರ್ ಕೂರುತ್ತದೆ. 20-30 ಬಂದರೆ ನೇರವಾಗಿ ಕೂರುವುದಿಲ್ಲ. ಪ್ಲಾನೆಟರಿ ಕ್ಯಾಮೆರಾ ಐಪೀಸಿನ ಹಾಗೆ ಸೀದಾ ಫೋಕಸರಿನೊಳಗೆ ಇಳಿಯುತ್ತದೆ, ಅದರ ಸೆನ್ಸರ್ ಬಾಡಿಯ ಬಾಯಲ್ಲೇ ಇರುವುದರಿಂದ ಈ ಅಳತೆಯಲ್ಲೂ ಕೆಲಸ ನಡೆಯುತ್ತದೆ. ಈ ಪರೀಕ್ಷೆ ಚಂದ್ರನಿಗೆ ಮಾತ್ರ. ಸೂರ್ಯನ ಮೇಲೆ ಮಾಡಿದರೆ ಕಾಗದ ಹೊತ್ತಿಕೊಳ್ಳುತ್ತದೆ, ಕಣ್ಣೂ ಹೋಗುತ್ತದೆ.

ಡಿಎಸ್‌ಎಲ್‌ಆರ್ ಹಾಕಲೇಬೇಕೆಂದರೆ ಸುಲಭದ್ದು ಬಾರ್ಲೋ, ಅದು ಫೋಕಸನ್ನು ಹೊರಗೆ ತಳ್ಳುತ್ತದೆ. ಚಂದ್ರನಿಗೆ ಸರಿ, ನೀಹಾರಿಕೆಗೆ ಬೇಡ. ಇನ್ನೊಂದು, ದೊಡ್ಡ ಕನ್ನಡಿಯ ಸೆಲ್ಲಿಗೆ ಉದ್ದ ಬೋಲ್ಟ್ ಹಾಕಿ ಕನ್ನಡಿಯನ್ನು ಕೊಳವೆಯಲ್ಲಿ ಮೇಲಕ್ಕೆ ತರುವುದು. 30 ಮಿ.ಮೀ. ಮೇಲೆ ತಂದರೆ ಫೋಕಸ್ 30 ಮಿ.ಮೀ. ಹೊರಗೆ ಬರುತ್ತದೆ. ಆಮೇಲೆ ಐಪೀಸಿನಲ್ಲಿ ನೋಡಲು ಎಕ್ಸ್‌ಟೆನ್ಶನ್ ಟ್ಯೂಬ್ ಬೇಕಾಗುತ್ತದೆ, ಕೊಲಿಮೇಶನ್ (ಕನ್ನಡಿಗಳ ಹೊಂದಾಣಿಕೆ) ಹೊಸದಾಗಿ ಮಾಡಬೇಕು.

ರಿಫ್ರ್ಯಾಕ್ಟರಿನಲ್ಲಿ ತೊಂದರೆ ಉಲ್ಟಾ. ಡಯಾಗನಲ್ (ಬೆಳಕನ್ನು ಐಪೀಸಿನ ಕಡೆ ಓರೆಯಾಗಿ ತಿರುಗಿಸುವ ತುಂಡು) ತೆಗೆದರೆ ಬೆಳಕಿನ ದಾರಿ ಅಷ್ಟು ಗಿಡ್ಡವಾಗುತ್ತದೆ, ಪ್ಲಾನೆಟರಿ ಕ್ಯಾಮೆರಾ ಎಷ್ಟು ಹೊರಗೆ ಎಳೆದರೂ ಫೋಕಸ್ ಮುಟ್ಟುವುದಿಲ್ಲ. ಎಕ್ಸ್‌ಟೆನ್ಶನ್ ಟ್ಯೂಬ್ ಕೊಳ್ಳಿ, ಅಥವಾ ಡಯಾಗನಲ್ ಸಮೇತವೇ ಹಾಕಿ. ಮಕ್ಸುಟೋವ್, ಷ್ಮಿಟ್-ಕ್ಯಾಸಗ್ರೇನ್ ಇರುವವರು ಈ ಭಾಗವನ್ನೇ ಮರೆಯಬಹುದು.

ತೂಕದ ಮಾತೂ ಇಲ್ಲೇ. ಬ್ಯಾಟರಿ ಸಮೇತ 600ಡಿ ಬಾಡಿ 570 ಗ್ರಾಂ, ಪ್ಲಾನೆಟರಿ ಕ್ಯಾಮೆರಾ ನೂರು-ನೂರೈವತ್ತು. ಡಾಬ್‌ನ ಮೂತಿಗೆ ಅರ್ಧ ಕಿಲೊ ನೇತುಹಾಕಿದರೆ ಅದು ತಾನಾಗಿ ಬಾಗುತ್ತದೆ. ಬುಡದಲ್ಲಿ ಆಯಸ್ಕಾಂತದ ಎದುರುತೂಕ ಬೇಕು.

ಕರ್ನಾಟಕದ ಆಕಾಶಕ್ಕೆ ಎರಡು ತಿದ್ದುಪಡಿ

ಇಂಟರ್ನೆಟ್ಟಿನ ಹೆಚ್ಚಿನ ಸಲಹೆ ಯೂರೋಪ್, ಅಮೆರಿಕದ ಅಕ್ಷಾಂಶದವರದ್ದು. ನಮ್ಮಲ್ಲಿ ಧ್ರುವ ನಕ್ಷತ್ರ ಬೆಂಗಳೂರಿನಿಂದ 13 ಡಿಗ್ರಿ, ಬೀದರಿನಿಂದ 18 ಡಿಗ್ರಿ ಎತ್ತರ ಅಷ್ಟೆ. ಪಕ್ಕದ ಮನೆಯ ನೀರಿನ ಟ್ಯಾಂಕೇ ಮುಚ್ಚಿಬಿಡುತ್ತದೆ. ಈಕ್ವಟೋರಿಯಲ್ ಮೌಂಟಿನ ಅಕ್ಷ ಧ್ರುವದ ಕಡೆ ನೋಡಬೇಕು, ಹಾಗಾಗಿ ಕೊಳ್ಳುವವರು ಅದು 12-13 ಡಿಗ್ರಿಗೆ ಇಳಿಯುತ್ತದೆಯೇ, ಇಳಿದಾಗ ಎದುರುತೂಕದ ಕಂಬಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆಯೇ ನೋಡಿ. ಧ್ರುವ ಕಾಣದ ತಾರಸಿಯಲ್ಲಿ ‘ನೀನಾ’ ಸಾಫ್ಟ್‌ವೇರಿನ ತ್ರೀ-ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಆಕಾಶದ ಬೇರೆ ಭಾಗ ನೋಡಿಯೇ ಕೆಲಸ ಮುಗಿಸುತ್ತದೆ.

ಆಲ್ಟ್-ಅಜಿಮತ್ ಇರುವವರಿಗೆ ಕಾಡುವುದು ಚಿತ್ರ ತಿರುಗುವುದು. ದಕ್ಷಿಣಕ್ಕೆ 45 ಡಿಗ್ರಿ ಎತ್ತರದಲ್ಲಿರುವ ವಸ್ತು ನಮ್ಮಲ್ಲಿ ನಿಮಿಷಕ್ಕೆ ಸುಮಾರು ಮೂರನೇ ಒಂದು ಡಿಗ್ರಿ ತಿರುಗುತ್ತದೆ. ಹತ್ತು ಸೆಕೆಂಡಿನಲ್ಲಿ, ನಡುವಿನಿಂದ 1000 ಪಿಕ್ಸೆಲ್ ಆಚೆಯ ನಕ್ಷತ್ರ ಒಂದು ಪಿಕ್ಸೆಲ್ ಸರಿಯುತ್ತದೆ. ನೇರ ಪೂರ್ವ-ಪಶ್ಚಿಮದಲ್ಲಿ ತಿರುಗುವುದು ಹೆಚ್ಚುಕಡಿಮೆ ಸೊನ್ನೆ. ಓರಿಯಾನ್ ನೀಹಾರಿಕೆಯನ್ನು ನೆತ್ತಿ ಹತ್ತಿರ ಬರುವವರೆಗೆ ಕಾಯದೆ ಪೂರ್ವದಲ್ಲಿ 30ರಿಂದ 55 ಡಿಗ್ರಿ ಎತ್ತರದಲ್ಲಿರುವಾಗಲೇ ತೆಗೆಯಿರಿ. ಸಣ್ಣ ಸೆನ್ಸರಿನಲ್ಲಿ ಮೂಲೆಗಳು ನಡುವಿಗೆ ಹತ್ತಿರವಿರುವುದರಿಂದ ಈ ದೋಷವೂ ಕಮ್ಮಿ ಕಾಣುತ್ತದೆ.

ಕೂಲ್ಡ್ ಕ್ಯಾಮೆರಾ ಇರುವವರು 26 ಡಿಗ್ರಿಯ ರಾತ್ರಿಯಲ್ಲಿ ಮೈನಸ್ 20 ಇಡಲು ಹೋಗಬೇಡಿ. ಹೊರಗಿನ ಬಿಸಿಗಿಂತ 35 ಡಿಗ್ರಿ ಇಳಿಸುವುದು ಸಾಮಾನ್ಯ ಮಿತಿ. 0 ಅಥವಾ ಮೈನಸ್ 5 ಇಟ್ಟು, ಡಾರ್ಕ್ ಫ್ರೇಮನ್ನೂ ಅದಕ್ಕೇ ತೆಗೆದಿಟ್ಟುಕೊಳ್ಳಿ.

ಕ್ಯಾಮೆರಾ ಜೊತೆಗೇ ಬೇಕಾದ ಚಿಲ್ಲರೆ

ಯುವಿ-ಐಆರ್ ಕಟ್ ಫಿಲ್ಟರ್ (ಅತಿನೇರಳೆ, ಇನ್‌ಫ್ರಾರೆಡ್ ತಡೆಯುವಂಥದ್ದು) ಮರೆಯಬೇಡಿ. ಬಹುತೇಕ ಪ್ಲಾನೆಟರಿ ಕ್ಯಾಮೆರಾಗಳ ಮುಂದೆ ಬರೀ ಗಾಜಿರುತ್ತದೆ. ಐಎಂಎಕ್ಸ್ 462ಕ್ಕೆ ಇನ್‌ಫ್ರಾರೆಡ್ ಜೋರಾಗಿಯೇ ಕಾಣುತ್ತದೆ. ಫಿಲ್ಟರ್ ಇಲ್ಲದಿದ್ದರೆ ಗುರುವಿನ ಬಣ್ಣ ಕೆಡುತ್ತದೆ, ಲೆನ್ಸಿರುವ ಟೆಲಿಸ್ಕೋಪಿನಲ್ಲಿ ನಕ್ಷತ್ರ ಉಬ್ಬುತ್ತದೆ. 1.25 ಇಂಚಿನದ್ದು ಕ್ಯಾಮೆರಾದ ಮೂತಿಗೇ ತಿರುಪಿಕೊಳ್ಳುತ್ತದೆ.

ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ 3 ಮತ್ತು ಎಸ್‌ಎಸ್‌ಡಿ ಇರಬೇಕು. 640 × 480ರ 8 ಬಿಟ್ ವಿಡಿಯೊ ಸೆಕೆಂಡಿಗೆ 100 ಫ್ರೇಮ್ ಬಂದರೆ ಸುಮಾರು 31 ಎಂಬಿ. ಎರಡು ನಿಮಿಷಕ್ಕೆ 3.7 ಜಿಬಿ. ಯುಎಸ್‌ಬಿ 2 ಸುಮಾರು 40 ಎಂಬಿಗೆ ಸುಸ್ತಾಗುತ್ತದೆ. ಹಾರ್ಡ್ ಡಿಸ್ಕ್ ಆದರೆ ಫ್ರೇಮುಗಳು ಬಿಟ್ಟುಹೋಗಬಹುದು.

ಗುರುವಿನ ಮೇಲೆ ಮೊದಲ ರಾತ್ರಿ

ಹಗಲಲ್ಲೇ ಒಂದೆರಡು ಕಿಲೋಮೀಟರ್ ಆಚೆಯ ಮೊಬೈಲ್ ಟವರಿಗೆ ಫೈಂಡರ್ ಹೊಂದಿಸಿ, ಕ್ಯಾಮೆರಾ ಹಾಕಿ ಫೋಕಸ್ ಮಾಡಿ, ಫೋಕಸರಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ರಾತ್ರಿಯ ಅರ್ಧ ಕೆಲಸ ಮುಗಿದ ಹಾಗೆ. ಐಎಂಎಕ್ಸ್ 462ರಂಥ ಪುಟ್ಟ ಸೆನ್ಸರ್ 1200 ಮಿ.ಮೀ.ನಲ್ಲಿ ನೋಡುವುದು 16 × 9 ಆರ್ಕ್ ನಿಮಿಷ, ಚಂದ್ರನ ಅರ್ಧ ಅಗಲ. 25 ಮಿ.ಮೀ. ಐಪೀಸ್ ಅದರ ನಾಲ್ಕು ಪಟ್ಟು ಅಗಲ ನೋಡುತ್ತದೆ. ಆದ್ದರಿಂದ ಐಪೀಸಿನ ನಟ್ಟನಡುವೆ ಗುರು ಬಂದ ಮೇಲೆ ಕ್ಯಾಮೆರಾ ಹಾಕಿ, ಕ್ಯಾಮೆರಾದಲ್ಲಿ ಸಿಕ್ಕ ಮೇಲೆ ಬಾರ್ಲೋ. ಮೊದಲೇ ಬಾರ್ಲೋ ಹಾಕಿದವರು ಕಪ್ಪು ಪರದೆ ನೋಡುತ್ತಾ ಕೂರುತ್ತಾರೆ. ಏನೂ ಕಾಣದಿದ್ದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್) ಪೂರ್ತಿ ಏರಿಸಿ, ಎಕ್ಸ್‌ಪೋಷರ್ ಅರ್ಧ ಸೆಕೆಂಡಿಗೆ ಇಡಿ. ಗುರು ಪಕ್ಕದಲ್ಲಿದ್ದರೂ ಅದರ ಹೊಳಪು ಪರದೆಯ ಒಂದು ಅಂಚಿನಲ್ಲಿ ಕಾಣುತ್ತದೆ, ಆ ಕಡೆ ತಳ್ಳಿ. ನಡುವೆ ಕಪ್ಪು ತೂತಿರುವ ಉದ್ದಿನ ವಡೆಯಂಥದ್ದು ಕಂಡರೆ ಅದೇ ಗುರು, ಫೋಕಸ್ ತಪ್ಪಿದೆ ಅಷ್ಟೆ. ಗುರುವಿನ ಉಪಗ್ರಹಗಳು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ಮಾಡಿ.

ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರಾ 8, ಎಸ್‌ಇಆರ್ ಬಗೆಯ ವಿಡಿಯೊ ಫೈಲ್, ಎಕ್ಸ್‌ಪೋಷರ್ 5ರಿಂದ 10 ಮಿಲಿಸೆಕೆಂಡ್, ಹಿಸ್ಟೋಗ್ರಾಮ್ (ಹೊಳಪಿನ ಹಂಚಿಕೆಯ ನಕ್ಷೆ) 60-70 ಶೇಕಡಾ ಮುಟ್ಟುವಷ್ಟು ಗೇನ್. ಗೇನ್ ಹೆಚ್ಚಾಯಿತು, ಕಾಳು ಕಾಳಾಗಿ ಕಾಣುತ್ತದೆ ಎಂದು ಎಕ್ಸ್‌ಪೋಷರ್ ಉದ್ದ ಮಾಡಬೇಡಿ. ಕಾಳು ಸಾವಿರ ಫ್ರೇಮ್ ಕೂಡಿಸಿದಾಗ ಹೋಗುತ್ತದೆ, ಗಾಳಿ ಕಲಕಿದ ಮಸುಕು ಹೋಗುವುದಿಲ್ಲ. ಒಂದು ವಿಡಿಯೊ ಎರಡು ನಿಮಿಷ ಮೀರದಿರಲಿ: ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ, 180 ಪಿಕ್ಸೆಲ್ ಚಿತ್ರದಲ್ಲಿ ನಡುವಿನ ಚುಕ್ಕೆ ನಿಮಿಷಕ್ಕೆ ಒಂದು ಪಿಕ್ಸೆಲ್ ಸರಿದಿರುತ್ತದೆ.

ಮೋಟಾರಿಲ್ಲದ ಡಾಬ್ ಆದರೆ ಮೊದಲು ಕ್ಯಾಮೆರಾವನ್ನು ತಿರುಗಿಸಿ ಗುರು ಪರದೆಯ ಉದ್ದಕ್ಕೆ ಸಮನಾಗಿ ಜಾರುವಂತೆ ಮಾಡಿ. ಫ್ರೇಮನ್ನು 1920 × 400ಕ್ಕೆ ಕತ್ತರಿಸಿ. ಗುರುವನ್ನು ಒಂದು ಅಂಚಿನ ಆಚೆ ಬಿಟ್ಟು, ಕೈ ತೆಗೆದು, ಅಲುಗಾಟ ನಿಲ್ಲಲು ಎರಡು ಸೆಕೆಂಡ್ ಕೊಟ್ಟು ರೆಕಾರ್ಡ್ ಒತ್ತಿ. 2ಎಕ್ಸ್ ಬಾರ್ಲೋದಲ್ಲಿ ಪರದೆ ದಾಟಲು ಸುಮಾರು 32 ಸೆಕೆಂಡ್ ಹಿಡಿಯುತ್ತದೆ. ಎಕ್ಸ್‌ಪೋಷರ್ 5 ಮಿಲಿಸೆಕೆಂಡ್ ದಾಟಬಾರದು. ಹೀಗೆ ಮೂರು ಸಲ ಬೇಗ ಬೇಗ ತೆಗೆದು, ಪಿಐಪಿಪಿ ಎಂಬ ಉಚಿತ ಸಾಫ್ಟ್‌ವೇರಿಗೆ ಮೂರನ್ನೂ ಒಟ್ಟಿಗೆ ಕೊಡಿ. ಅದು ಪ್ರತಿ ಫ್ರೇಮಿನಲ್ಲೂ ಗುರುವನ್ನು ನಡುವಿಗೆ ತಂದು ಕತ್ತರಿಸುತ್ತದೆ. ಆಮೇಲೆ ಆಟೊಸ್ಟಾಕರ್ಟ್‌ನಲ್ಲಿ ಒಳ್ಳೆಯ 20-25 ಶೇಕಡಾ ಫ್ರೇಮುಗಳನ್ನು ಕೂಡಿಸಿ, ರೆಜಿಸ್ಟ್ಯಾಕ್ಸ್ ಸಾಫ್ಟ್‌ವೇರಿನ ವೇವ್‌ಲೆಟ್ (ಚಿತ್ರ ಚೂಪಾಗಿಸುವ) ಗುಂಡಿಗಳನ್ನು ಒಂದೊಂದಾಗಿ ಸರಿಸಿ. ಗುರುವಿನ ಅಂಚಿನ ಒಳಗೆ ಬಿಳಿ ಬಳೆಯಂಥ ಎರಡನೇ ಗೆರೆ ಕಾಣಿಸಿಕೊಂಡರೆ ಅತಿಯಾಯಿತು, ಸ್ವಲ್ಪ ಹಿಂದಕ್ಕೆ ಬನ್ನಿ.